ಮನೆ ಗುಂಪಿನಲ್ಲಿ ಜಗಳ: ಪಠ್ಯ ಯಾರದು, ಪರೀಕ್ಷೆ ಯಾರದು?

(ಭಾವ ಹಾಕಿದ ಒಂದು ಫಾರ್ವರ್ಡ್‌ನಿಂದ ಶುರುವಾಯಿತು. ನಡುವೆ ಬಂದ ಶುಭೋದಯದ ಹೂವುಗಳನ್ನು ತೆಗೆದು ಹಾಕಿದ್ದೇನೆ.)

*ಬೆಂಗಳೂರು ಭಾವ:* "ಅಮೆರಿಕದಲ್ಲಿ ಊರಿನವರೇ ಓಟು ಹಾಕಿ ಸ್ಕೂಲ್ ಬೋರ್ಡ್ ಆರಿಸುತ್ತಾರೆ. ಪಾಠ, ಪರೀಕ್ಷೆ ಎಲ್ಲವೂ ಅವರದೇ ತೀರ್ಮಾನ. ನಾವು ಮಾತ್ರ ಆದೇಶಕ್ಕೆ ಕಾಯಬೇಕು. ಎಲ್ಲ ಪೋಷಕರಿಗೂ ಕಳುಹಿಸಿ."

*ಬೆಂಗಳೂರು ಭಾವ:* ಮಾವ, ನೀವು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು. ನಮ್ಮೂರಿನ ಶಾಲೆಯಿಂದಲೇ ಶುರು ಮಾಡಿ.

*ಚಿಕ್ಕಪ್ಪ:* ಅಳಿಯಂದಿರೇ, ಠರಾವು ಬರೆದೇ ಇಟ್ಟಿದ್ದೇನೆ. ತೀರ್ಥಹಳ್ಳಿಯ ಒಂದು ಕೋಚಿಂಗ್‌ನವರು ಐದನೇ ಕ್ಲಾಸಿನಿಂದ ಪ್ರತಿ ತಿಂಗಳು ಪರೀಕ್ಷೆ ಮಾಡಿಕೊಡುತ್ತಾರಂತೆ. ಪ್ರಶ್ನೆ ಪತ್ರಿಕೆ ಅವರದೇ. ಕಡಿಮೆ ನಂಬರ್ ಬಂದವರು ಅದೇ ಕ್ಲಾಸಿನಲ್ಲಿ ಕೂರಲಿ. ನಮ್ಮ ಪುಟ್ಟಿಗೂ ಸ್ವಲ್ಪ ಭಯ ಇರಬೇಕು.

*ಅಕ್ಕ:* ಏಳನೇ ಕ್ಲಾಸನ್ನು ಎರಡು ಸಲ ಓದಿದವರು ಹೇಳುವ ಮಾತಾ ಚಿಕ್ಕಪ್ಪ ಇದು?

*ನಾನು:* ಚಿಕ್ಕಪ್ಪ, ಆ ಠರಾವು ನಿಲ್ಲುವುದಿಲ್ಲ. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 29 ನೋಡಿ. ಒಂದರಿಂದ ಎಂಟರವರೆಗೆ ಪಠ್ಯಕ್ರಮ, ಮೌಲ್ಯಮಾಪನ ಎರಡನ್ನೂ ಹೇಳುವುದು ಸರ್ಕಾರ ಗುರುತಿಸಿದ ಶೈಕ್ಷಣಿಕ ಪ್ರಾಧಿಕಾರ. ನಮ್ಮಲ್ಲಿ ಅದು ಡಿಎಸ್‌ಇಆರ್‌ಟಿ, ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ. ಪುಸ್ತಕ ತರುವುದು ಪಠ್ಯಪುಸ್ತಕ ಸಂಘ. ಮಕ್ಕಳನ್ನು ಹಿಂದೆ ಉಳಿಸುವ ಮಾತಂತೂ ಸಭೆಯಲ್ಲಿ ಎತ್ತಲೇ ಬೇಡಿ. 2019ರ ತಿದ್ದುಪಡಿಯ ಮೇಲೂ ಅದಕ್ಕೆ ಅವಕಾಶ ಇರುವುದು 5 ಮತ್ತು 8ನೇ ಕ್ಲಾಸಿಗೆ ಮಾತ್ರ. ಅದೂ ಮರುಪರೀಕ್ಷೆ ಕೊಟ್ಟ ಮೇಲೆ. ಬೇಕೋ ಬೇಡವೋ ಎಂದು ಹೇಳುವುದೂ ಸರ್ಕಾರವೇ.

*ನಾನು:* ಭಾವ, ನಿಮ್ಮ ಫಾರ್ವರ್ಡ್ ಅರ್ಧ ಸತ್ಯ. ಅಲ್ಲಿ ಊರಿನ ಬೋರ್ಡು ಪುಸ್ತಕ ಆರಿಸುತ್ತದೆ, ಮೇಷ್ಟ್ರನ್ನು ನೇಮಿಸುತ್ತದೆ, ನಿಜ. ಆದರೆ ಯಾವ ಕ್ಲಾಸಿಗೆ ಏನು ಬರಬೇಕು ಎಂದು ಹೇಳುವುದು ರಾಜ್ಯ. 3ರಿಂದ 8ನೇ ಕ್ಲಾಸಿನವರೆಗೆ ಪ್ರತಿ ವರ್ಷ ಓದು ಮತ್ತು ಗಣಿತದ ಪರೀಕ್ಷೆ ಮಾಡಲೇಬೇಕು ಎಂದು ಅವರ ಕೇಂದ್ರ ಸರ್ಕಾರ 2002ರಲ್ಲೇ ಕಾನೂನು ತಂದಿತು. 2015ರಲ್ಲಿ ಕಾನೂನು ಬದಲಾಯಿತು, ಪರೀಕ್ಷೆ ಹಾಗೇ ಉಳಿಯಿತು.

*ಬೆಂಗಳೂರು ಭಾವ:* ಆದರೂ ಅಲ್ಲಿನ ತಂದೆತಾಯಿ ಬೇಡ ಅನ್ನಬಹುದು. ನ್ಯೂಯಾರ್ಕ್ ರಾಜ್ಯದಲ್ಲಿ 2015ರಲ್ಲಿ ಸುಮಾರು ಐದರಲ್ಲಿ ಒಂದು ಮಗು ಪರೀಕ್ಷೆಗೆ ಕೂರಲೇ ಇಲ್ಲ. ನಮ್ಮಲ್ಲಿ ಯಾರು ಕೇಳುತ್ತಾರೆ?

*ನಾನು:* ನಮ್ಮಲ್ಲಿ ಕೋರ್ಟಿಗೆ ಹೋಗುತ್ತಾರೆ. 2024ರ ಮಾರ್ಚ್ ನೆನಪಿದೆಯಾ? 5, 8, 9ನೇ ಕ್ಲಾಸಿನ ಬೋರ್ಡ್ ಪರೀಕ್ಷೆ. 6ರಂದು ಹೈಕೋರ್ಟಿನ ಏಕಸದಸ್ಯ ಪೀಠ ರದ್ದು ಮಾಡಿತು. ಮೇಲ್ಮನವಿಯಲ್ಲಿ ಒಪ್ಪಿಗೆ ಸಿಕ್ಕಿ 11ಕ್ಕೆ ಶುರುವಾಯಿತು. ಮರುದಿನ ಸುಪ್ರೀಂ ಕೋರ್ಟ್ ತಡೆಯಿತು. 22ಕ್ಕೆ ವಿಭಾಗೀಯ ಪೀಠ ಸರಿ ಎಂದಿತು, 25ರಿಂದ ಉಳಿದ ಪತ್ರಿಕೆ ಬರೆಸಿದೆವು. ಏಪ್ರಿಲ್ 8ಕ್ಕೆ ಫಲಿತಾಂಶ ಹೇಳಬೇಡಿ ಎಂದು ಮತ್ತೆ ಸುಪ್ರೀಂ ಕೋರ್ಟ್. ಹತ್ತು ವರ್ಷದ ಮಗು ಬಂದು "ಟೀಚರ್, ನಾಳೆ ಪರೀಕ್ಷೆ ಇದೆಯಾ?" ಎಂದು ಕೇಳಿದರೆ ನಾವು ಟಿವಿ ನೋಡಿ ಹೇಳಬೇಕಿತ್ತು. ಪರೀಕ್ಷೆ ಇರಲಿ, ಇಲ್ಲದಿರಲಿ, ಮಕ್ಕಳನ್ನು ಹಾಗೆ ನಡೆಸಿಕೊಳ್ಳುವುದು ತಪ್ಪು.

*ದೊಡ್ಡಪ್ಪ:* ಈಗ ಸಂತೆಯಿಂದ ಬಂದೆ. ಎಲ್ಲ ಓದಿದೆ. 2022ರಲ್ಲಿ ಪಠ್ಯ ಪರಿಷ್ಕರಣೆ ವಿರೋಧಿಸಿ ಕುಪ್ಪಳಿಯಿಂದ ತೀರ್ಥಹಳ್ಳಿಗೆ ಪಾದಯಾತ್ರೆ ಆಯಿತಲ್ಲ, ನಾನೂ ಸ್ವಲ್ಪ ದೂರ ನಡೆದಿದ್ದೆ. ಮರುವರ್ಷ ಸರ್ಕಾರ ಬದಲಾಯಿತು, ಪಾಠಗಳೂ ಬದಲಾದವು. ಆ ಜಗಳ ಬೇಡ ಅನ್ನುವುದಿಲ್ಲ. ಆದರೆ ನಮ್ಮ ಶಾಲೆಯಲ್ಲಿ ಗಣಿತದ ಮೇಷ್ಟ್ರಿಲ್ಲ ಎಂದು ನಮ್ಮೂರಿನಲ್ಲಿ ಯಾರೂ ಒಂದು ಫರ್ಲಾಂಗು ನಡೆಯಲಿಲ್ಲ.

*ಚಿಕ್ಕಪ್ಪ:* ಹಾಗಾದರೆ ಈ ಎಸ್‌ಡಿಎಂಸಿ ಯಾಕೆ? ಸುಮ್ನೆ ಬಿಸಿಯೂಟದ ಸಾರಿನ ರುಚಿ ನೋಡಲಿಕ್ಕಾ?

*ನಾನು:* ಅಲ್ಲ ಚಿಕ್ಕಪ್ಪ. ಸಮಿತಿ 2001ರಿಂದಲೂ ಇದೆ. ಶಾಲೆಯ ಅಭಿವೃದ್ಧಿ ಯೋಜನೆ ಬರೆಯುವುದು, ಅನುದಾನ ಎಲ್ಲಿ ಹೋಯಿತು ಎಂದು ಕೇಳುವುದು, ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಇವೆಲ್ಲ ಕಾನೂನಿನಲ್ಲೇ ನಿಮ್ಮ ಕೆಲಸ. ಪುಟ್ಟಿಗೆ ಯಾವ ಲೆಕ್ಕ ಬರುವುದಿಲ್ಲ ಎಂದು ಅವಳ ಟೀಚರ್ ಹತ್ತಿರ ಕೂತು ಕೇಳಿ. ಕೋಚಿಂಗ್‌ನವರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ವರ್ಷಕ್ಕೆ ನಾಲ್ಕು ಎಫ್‌ಎ, ಅಂದರೆ ಪಾಠದ ನಡುನಡುವಿನ ಮೌಲ್ಯಮಾಪನ, ನಾವೇ ಮಾಡುತ್ತೇವೆ. ಆ ಹಾಳೆಗಳನ್ನು ತೆಗೆದು ನೋಡುವ ಪೋಷಕರೇ ಕಡಿಮೆ.

*ನಾನು:* ಊರಿನವರು ನಿಜವಾಗಿ ಕೇಳಬೇಕಾದದ್ದು ಬೇರೆ ಇದೆ. ಕ್ಯಾಲೆಂಡರ್. ರಾಜ್ಯಕ್ಕೆಲ್ಲ ಒಂದೇ ವೇಳಾಪಟ್ಟಿ ಬರುತ್ತದೆ. ಜೂನ್, ಜುಲೈ, ಆಗಸ್ಟ್ ನಮಗೆ ಹೇಗಿರುತ್ತದೆ ಗೊತ್ತಲ್ಲ. ಬೆಳಗಾಗುವ ಹೊತ್ತಿಗೆ ಡಿಸಿ ರಜೆ ಕೊಟ್ಟರಾ ಎಂದು ಫೋನ್ ನೋಡುವುದು. ಕೊಡದಿದ್ದರೆ ಮಗು ಕಾಲುಸಂಕ ದಾಟಿ ಬರಬೇಕು, ಕೆಳಗೆ ಹಳ್ಳ ತುಂಬಿ ಹರಿಯುತ್ತಿರುತ್ತದೆ. ಕೊಟ್ಟರೆ ಆ ದಿನವನ್ನು ಶನಿವಾರ ಮಧ್ಯಾಹ್ನ, ಭಾನುವಾರ ಕೂರಿಸಿ ತೀರಿಸಬೇಕು. ಐದನೆಯವರೆಗೆ 200 ದಿನ, 6ರಿಂದ 8ಕ್ಕೆ 220 ದಿನ ಪಾಠ ಆಗಲೇಬೇಕು ಎಂದು ಕಾಯ್ದೆಯಲ್ಲಿದೆ. ದಸರಾ ರಜೆಗೆ ಮೊದಲು ಅರ್ಧವಾರ್ಷಿಕ ಪರೀಕ್ಷೆ ಬಂದೇ ಬಿಡುತ್ತದೆ. ಮಳೆ ಕಾಣದ ತಾಲೂಕಿನ ಮಗು, ಆಗುಂಬೆ ಕಡೆಯ ಮಗು ಒಂದೇ ವಾರ ಬರೆಯಬೇಕು. ಹಿಮಾಚಲದಲ್ಲಿ ಹಿಮ ಬೀಳುವ ಕಡೆಯ ಶಾಲೆಗಳಿಗೆ ಬೇರೆಯೇ ರಜೆ ಇದೆ. ನಮ್ಮ ಮಳೆಗೆ ಯಾಕೆ ಬೇಡ?

*ಬೆಂಗಳೂರು ಭಾವ:* ಅದನ್ನಾದರೂ ಊರಿನವರು ಮಾಡಬಹುದಾ?

*ನಾನು:* ಸೆಕ್ಷನ್ 9ರಲ್ಲಿ ಸ್ಥಳೀಯ ಪ್ರಾಧಿಕಾರದ ಕರ್ತವ್ಯಗಳ ಪಟ್ಟಿ ಇದೆ. ಕೊನೆಯದು "ಶೈಕ್ಷಣಿಕ ಕ್ಯಾಲೆಂಡರ್ ನಿರ್ಧರಿಸುವುದು". 2010ರಿಂದ ಜಾರಿಯಲ್ಲಿದೆ.

*ದೊಡ್ಡಪ್ಪ:* ಕೂಸೇ, ಪೂರ್ತಿ ಓದು. ಸ್ಥಳೀಯ ಪ್ರಾಧಿಕಾರ ಎಂದರೆ ಗ್ರಾಮ ಪಂಚಾಯಿತಿಯೂ ಹೌದು, ಜಿಲ್ಲಾ ಪಂಚಾಯಿತಿಯೂ ಹೌದು. ನಮ್ಮ ಗ್ರಾಮ ಪಂಚಾಯಿತಿಗೆ ಶಾಲೆಯ ಮೇಲೆ ಹಿಡಿತ ಎಲ್ಲಿದೆ? ಹಿಡಿಯಬೇಕಾದದ್ದು ಜಿಲ್ಲಾ ಪಂಚಾಯಿತಿಯನ್ನು.

*ಬೆಂಗಳೂರು ಭಾವ:* ಅದರ ಸದಸ್ಯರ ಅವಧಿ 2021ರಲ್ಲೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಮಾಡಲಿಲ್ಲ. ಈಗ ಹೇಳಿ, ನನ್ನ ಫಾರ್ವರ್ಡ್ ಪೂರ್ತಿ ಸುಳ್ಳಾ? ಊರಿನವರು ಆರಿಸಿದವರು ಕುರ್ಚಿಯಲ್ಲಿ ಇಲ್ಲದಿದ್ದರೆ ಕಾಯ್ದೆಯ ಸಾಲು ಇಟ್ಟುಕೊಂಡು ಏನು ಮಾಡುತ್ತೀರಿ?

*ಅಕ್ಕ:* ರೀ, ಇವತ್ತು ಮೊದಲ ಸಲ ಸರಿಯಾದ ಮಾತು ಆಡಿದಿರಿ.

*ನಾನು:* ಆ ಮಾತು ಒಪ್ಪಿದೆ ಭಾವ. ಆದರೆ ಜಿಲ್ಲಾ ಪಂಚಾಯಿತಿಯ ಸಿಇಓ ಇದ್ದಾರೆ, ಜಿಲ್ಲೆಯ ಶಿಕ್ಷಣಾಧಿಕಾರಿ ಡಿಡಿಪಿಐ ಇದ್ದಾರೆ. ಒಂದು ಸಮಿತಿ ಬರೆದರೆ ಕಡತದಲ್ಲಿ ಕೂರುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಸಮಿತಿಗಳು ಸೇರಿ ಬರೆದರೆ ಉತ್ತರವಾದರೂ ಬರಬೇಕು. ಜುಲೈನಲ್ಲಿ ರಜೆ, ದಸರಾದಲ್ಲಿ ಅಷ್ಟು ದಿನ ಕಡಿತ. ಪರೀಕ್ಷೆ ಅಕ್ಟೋಬರ್ ಕೊನೆಗೆ. ಇಷ್ಟೇ ಕೇಳಿ.

*ಚಿಕ್ಕಪ್ಪ:* ದಸರಾ ರಜೆ ಕಡಿಮೆ ಮಾಡಿದರೆ ಪುಟ್ಟಿಯೇ ಮೊದಲು ಧರಣಿ ಕೂರುತ್ತಾಳೆ. ಇರಲಿ, ಕೋಚಿಂಗ್‌ನವರಿಗೆ ಸದ್ಯಕ್ಕೆ ಬೇಡ ಅನ್ನುತ್ತೇನೆ. ಪೂರ್ತಿ ಬಿಟ್ಟೆ ಅಂತಲ್ಲ. ಅರ್ಜಿ ಸಿಇಓ ಹೆಸರಿಗಾ, ಡಿಡಿಪಿಐ ಹೆಸರಿಗಾ?

*ದೊಡ್ಡಪ್ಪ:* ಇಬ್ಬರಿಗೂ. ಒಂದು ನಕಲು ತಾಲೂಕಿನ ಶಿಕ್ಷಣಾಧಿಕಾರಿ ಬಿಇಓಗೆ. ಕೈಯಲ್ಲಿ ಕೊಟ್ಟು ಸೀಲು ಹಾಕಿಸಿಕೊಂಡು ಬಾ, ಟಪಾಲಿಗೆ ಹಾಕಬೇಡ.