ಟ್ಯಾಂಪಾ ಮೇಲಿನ ಕೆಂಪು ಸುಳಿ: ಕುಟುಂಬದ ಗುಂಪಲ್ಲಿ ಜಟಾಪಟಿ

ಶ್ರೀನಿವಾಸ ಮಾವ, ಮೈಸೂರು: [ಚಿತ್ರ: ನಕ್ಷೆಯಲ್ಲಿ ಟ್ಯಾಂಪಾ ಮೇಲೆ ಕೆಂಪು ಸುಳಿ · ಹಲವು ಬಾರಿ ಫಾರ್ವರ್ಡ್ ಆಗಿದೆ] ಸೆಪ್ಟೆಂಬರ್ 5ಕ್ಕೆ ಟ್ಯಾಂಪಾ ಮೇಲೆ ಭಯಂಕರ ಚಂಡಮಾರುತವಂತೆ! ಸುಮಾ, ನೋಡಿದ್ಯಾ?

ಸುಮಾ, ಟ್ಯಾಂಪಾ (ಫ್ಲೋರಿಡಾ): ಮಾವ, ಚಿತ್ರದ ತಲೆ ಮೇಲಿರೋ ಸಣ್ಣಕ್ಷರ ಓದಿ. ಜಿಎಫ್‌ಎಸ್ ಅನ್ನೋ ಹವಾಮಾನದ ಕಂಪ್ಯೂಟರ್ ಮಾಡೆಲ್, ಆಗಸ್ಟ್ 20ರ 12 ಝಡ್ (ಗ್ರೀನಿಚ್ ಸಮಯ ಮಧ್ಯಾಹ್ನ 12) ರನ್, 372ನೇ ಗಂಟೆ. ಅಂದ್ರೆ ಹದಿನೈದೂವರೆ ದಿನದಾಚೆ. ಆ ಮಾಡೆಲ್ ದಿನಕ್ಕೆ ನಾಲ್ಕು ಸಲ ಓಡುತ್ತೆ. ಆರು ಗಂಟೆ ಬಿಟ್ಟು ಬಂದ 18 ಝಡ್ ರನ್ನಲ್ಲಿ ಇದೇ ಹೊತ್ತಿಗೆ, ಅಂದ್ರೆ 366ನೇ ಗಂಟೆಗೆ, ಟ್ಯಾಂಪಾದಲ್ಲಿ ಏನೂ ಇಲ್ಲ. ಸುಳಿ ಬರ್ಮುಡಾ ಹತ್ರ ಇದೆ.

ಮಾವ: ಅದೂ ಅಮೆರಿಕ ಸರ್ಕಾರದ್ದೇ ಮಾಡೆಲ್ ತಾನೆ? ಮುಂಚೆ ಗೊತ್ತಾದ್ರೆ ನಷ್ಟ ಏನಮ್ಮ?

ಸುಮಾ: ಸರ್ಕಾರದ್ದೇ. ಆದ್ರೆ ಕಂಪ್ಯೂಟರ್ ಉಗುಳಿದ್ದೆಲ್ಲ ಮುನ್ಸೂಚನೆ ಆಗಲ್ಲ. ಆ ಸುಳಿಗೆ ಮೂಲ ಆಗ್ಬೇಕಾದ ಗಾಳಿಯ ಅಲೆ ಇನ್ನೂ ಆಫ್ರಿಕಾದ ನೆಲದ ಮೇಲಿದೆ. ಅದು ಸಮುದ್ರಕ್ಕೆ ಇಳೀಬೇಕು, ಸಹಾರಾದಿಂದ ಬರೋ ಒಣ ಧೂಳುಗಾಳಿಗೆ ಸಿಗಬಾರ್ದು, ಎತ್ತರದ ಗಾಳಿ ಬೇರೆ ದಿಕ್ಕಿಗೆ ಬೀಸಿ ಅದರ ಮೋಡ ಚದುರಿಸಬಾರ್ದು. ಮಯಾಮಿಯ ನ್ಯಾಷನಲ್ ಹರಿಕೇನ್ ಸೆಂಟರ್ ಹೊಸ ಬಿರುಗಾಳಿ ಹುಟ್ಟೋ ಸಾಧ್ಯತೆಯನ್ನ ಏಳು ದಿನದವರೆಗೆ ಮಾತ್ರ ಹೇಳುತ್ತೆ. ಹುಟ್ಟಿದ್ದರ ದಾರಿ ಹಾಕೋದು ಐದೇ ದಿನಕ್ಕೆ. ಆ ಐದನೇ ದಿನದಲ್ಲೂ ಸರಾಸರಿ 300 ಕಿ.ಮೀ. ಆಸುಪಾಸು ತಪ್ಪಿರುತ್ತೆ. ದಯವಿಟ್ಟು ಇಲ್ಲಿ ಆ ಸೆಂಟರಿನ ಕೋನ್ (ಬಿರುಗಾಳಿ ಸಾಗಬಹುದಾದ ದಾರಿ ತೋರಿಸೋ ಶಂಕುವಿನಾಕಾರದ ನಕ್ಷೆ) ಬಿಟ್ಟು ಬೇರೇನೂ ಹಾಕ್ಬೇಡಿ.

ಗಿರೀಶ್, ಹ್ಯೂಸ್ಟನ್: 372 ಗಂಟೆಯ ಒಂಟಿ ಚಿತ್ರ ಕಸದ ಬುಟ್ಟಿಗೇ ಸರಿ. ಆದ್ರೆ ‘ಕೋನ್ ಬಿಟ್ಟು ಬೇರೇನೂ ಬೇಡ’ ಅನ್ನೋದನ್ನ ನಾನು ಒಪ್ಪಲ್ಲ ಸುಮಾ. ಯೂರೋಪಿನ ಮಾಡೆಲ್ ಒಂದೇ ಸಲಕ್ಕೆ 51 ದಾರಿ ಹಾಕುತ್ತೆ. ಎರಡೋ ಮೂರೋ ಗಲ್ಫ್ (ಮೆಕ್ಸಿಕೊ ಕೊಲ್ಲಿ) ಕಡೆ ತಿರುಗಿದ್ರೆ ಬಿಟ್ಟಾಕು. ಮೂವತ್ತು ತಿರುಗಿ, ಮುಂದಿನ ನಾಲ್ಕು ರನ್ನಲ್ಲೂ ಹಾಗೇ ಉಳಿದ್ರೆ, ಕೋನ್ ಬರೋ ಮೊದ್ಲೇ ನೀರು, ಬ್ಯಾಟರಿ ತಂದಿಟ್ಕೋಬೇಕು. ಕೋನ್ ಬಂದ ದಿನ ಅಂಗಡಿ ಖಾಲಿ.

ಸುಮಾ: ಭಾವ, ಚಂಡಮಾರುತದ ಸೀಸನ್ ಶುರುವಾಗೋ ಜೂನ್ 1ಕ್ಕೇ ತಂದಿಟ್ಕೊಂಡ್ರೆ 51 ಗೆರೆ ಎಣಿಸೋ ಕೆಲಸವೇ ಇಲ್ವಲ್ಲ!

ಗಿರೀಶ್: ಕೋನ್ ವಿಷಯ ಬೇರೆ ಇದೆ. ಅದು ಬರೀ ಕಣ್ಣಿನ, ಅಂದ್ರೆ ಬಿರುಗಾಳಿಯ ನಡುವಿನ ದಾರಿ, ಅದೂ ಮೂರರಲ್ಲಿ ಎರಡು ಸಲ ಒಳಗಿರೋ ಲೆಕ್ಕ. ಬಿರುಗಾಳಿ ಎಷ್ಟು ಅಗಲ, ನೀರು ಎಲ್ಲಿ ನುಗ್ಗುತ್ತೆ, ಅದ್ಯಾವುದೂ ಅದರಲ್ಲಿಲ್ಲ. 2024ರ ಹೆಲೀನ್ ಚಂಡಮಾರುತ ನಿಮ್ಮೂರಿಂದ 150 ಕಿ.ಮೀ.ಗೂ ಹೆಚ್ಚು ದೂರದಲ್ಲಿ ಸಮುದ್ರದ ಮೇಲೇ ದಾಟ್ತು. ಆದ್ರೂ ಟ್ಯಾಂಪಾ ಕೊಲ್ಲಿಯಲ್ಲಿ ದಾಖಲೆ ಮಟ್ಟದ ನೀರು. ಅಲ್ಲಿ ಗಾಳಿ ಸುತ್ತೋದು ಅಪ್ರದಕ್ಷಿಣೆ. ಕಣ್ಣಿನ ಪೂರ್ವಕ್ಕೆ ಬೀಸೋದು ದಕ್ಷಿಣದ ಗಾಳಿ, ಅದು ನೀರನ್ನ ಕೊಲ್ಲಿಯೊಳಗೆ ತಳ್ತು. ಎರಡು ವಾರದಲ್ಲಿ, ಅಕ್ಟೋಬರ್ 9ಕ್ಕೆ, ಮಿಲ್ಟನ್ ಕೊಲ್ಲಿಯ ದಕ್ಷಿಣಕ್ಕೆ ಸಿಯೆಸ್ಟಾ ಕೀ ಹತ್ರ ನೆಲ ಮುಟ್ತು. ಆಗ ಗಾಳಿ ನೆಲದ ಕಡೆಯಿಂದ ಬೀಸಿ ಕೊಲ್ಲಿಯ ನೀರನ್ನೇ ಹೊರಗೆಳೀತು. ಹೆಚ್ಚು ಹತ್ತಿರ ಬಂದದ್ದು ಮಿಲ್ಟನ್, ಕೊಲ್ಲಿಗೆ ಸಮುದ್ರ ನುಗ್ಗಿದ್ದು ಹೆಲೀನ್‌ಗೆ!

ಸುಮಾ: ಅದಕ್ಕೇ ಕೋನ್ ಜೊತೆ ‘ಸ್ಟಾರ್ಮ್ ಸರ್ಜ್’ (ಗಾಳಿ ತಳ್ಳಿ ನುಗ್ಗೋ ಸಮುದ್ರದ ನೀರು) ನಕ್ಷೆ ನೋಡೋದು. ಅದೂ ಅದೇ ಸೆಂಟರಿಂದು. ಫಾರ್ವರ್ಡ್ ಮಾಡೋರು ಅದನ್ನ ಮಾತ್ರ ಮಾಡಲ್ಲ, ಕೆಂಪು ಸುಳಿ ಇರಲ್ಲ ನೋಡಿ.

ಪದ್ಮಾ ಚಿಕ್ಕಮ್ಮ, ಶಿವಮೊಗ್ಗ: ಜಗಳ ಸಾಕು. ನಾವು ಇಲ್ಲಿಂದ ಯಾವಾಗ ನೋಡ್ಬೇಕು, ಅದು ಹೇಳಿ.

ಸುಮಾ: ಬೆಳಗ್ಗೆ ಎಂಟೂವರೆ, ರಾತ್ರಿ ಎಂಟೂವರೆ ಚಿಕ್ಕಮ್ಮ. ಸೆಂಟರಿನವರು ನಮ್ಮ ರಾತ್ರಿ 11ಕ್ಕೆ, ಬೆಳಗ್ಗೆ 11ಕ್ಕೆ ಕೊಡೋ ಬುಲೆಟಿನ್ ನಿಮಗೆ ಆಗ ಸಿಗುತ್ತೆ. ಮಧ್ಯೆ ಇನ್ನೆರಡು ಬರುತ್ತೆ, ಅದರಲ್ಲೊಂದು ನಿಮ್ಮ ರಾತ್ರಿ ಎರಡೂವರೆಗೆ. ಅದಕ್ಕೆ ಎದ್ದು ಕೂರ್ಬೇಡಿ. ‘ವಾಚ್’ ಅಂದ್ರೆ ಜೋರು ಗಾಳಿ ಶುರುವಾಗೋಕೆ ಸುಮಾರು 48 ಗಂಟೆ, ‘ವಾರ್ನಿಂಗ್’ ಅಂದ್ರೆ 36 ಗಂಟೆ.

ಚಿಕ್ಕಮ್ಮ: ಕಿಟಕಿಗೆ ಟೇಪ್ ಅಂಟಿಸ್ತಾರಲ್ಲ?

ಗಿರೀಶ್: ಪ್ರಯೋಜನ ಇಲ್ಲ, ಒಡೆದಾಗ ಗಾಜಿನ ಚೂರು ಇನ್ನೂ ದೊಡ್ಡದಾಗಿ ಬೀಳುತ್ತೆ. ಶಟರ್ ಬೇಕು, ಇಲ್ಲಾಂದ್ರೆ ಮುಕ್ಕಾಲು ಇಂಚಿನ ಹತ್ರದ ಪ್ಲೈವುಡ್. ಜನರೇಟರ್ ಮನೆಯಿಂದ ಕನಿಷ್ಠ 20 ಅಡಿ ದೂರ. ಗ್ಯಾರೇಜ್ ಬಾಗಿಲು ತೆಗೆದಿದ್ರೂ ಒಳಗೆ ಇಡಬಾರ್ದು. ಗಾಳಿ ಹೋದ್ಮೇಲೆ ಆ ಹೊಗೆಗೇ ಜನ ಸಾಯ್ತಾರೆ.

ಮಾವ: ಇಷ್ಟೆಲ್ಲ ಯಾಕೆ? ಕಾರು ಹತ್ತಿ ಅಟ್ಲಾಂಟಾಗೆ ಹೋಗೋದಪ್ಪ.

ಸುಮಾ: ಹೆಲೀನ್ ಫ್ಲೋರಿಡಾ ದಾಟಿ ಹೋದದ್ದು ಜಾರ್ಜಿಯಾಗೇ ಮಾವ, ಅಲ್ಲಿಂದ ಮುಂದೆ ಉತ್ತರ ಕ್ಯಾರೊಲಿನಾದ ಗುಡ್ಡಗಳಲ್ಲೂ ಪ್ರವಾಹ. ಇಲ್ಲಿ ಊರನ್ನ ಎ ಇಂದ ಇ ವರೆಗೆ ವಲಯ ಮಾಡಿದ್ದಾರೆ, ಎ ಮೊದಲು ಖಾಲಿ ಮಾಡಿಸ್ತಾರೆ. ಇನ್ಶೂರೆನ್ಸ್‌ನವರ ಫ್ಲಡ್ ಝೋನ್ ಬೇರೆ, ಎರಡನ್ನೂ ಬೆರೆಸ್ಬೇಡಿ. ವಲಯದಿಂದಾಚೆ ಎತ್ತರದಲ್ಲಿ, ಗಟ್ಟಿ ಕಟ್ಟಡ ಹತ್ತಿಪ್ಪತ್ತು ಮೈಲಿಯಲ್ಲಿ ಸಿಕ್ಕರೆ ಸಾಕು. ನೂರಾರು ಮೈಲಿ ಹೊರಟೋರು ಹೈವೇಲಿ ಪೆಟ್ರೋಲ್ ಇಲ್ದೆ ನಿಲ್ತಾರೆ.

ಗಿರೀಶ್: ಇದೊಂದಕ್ಕೆ ನನ್ನ ಒಪ್ಪಿಗೆ ಇದೆ. 51 ಗೆರೆ ವಿಷಯಕ್ಕೆ ಇಲ್ಲ.