ಸರ್ಕಿಟ್ ಟ್ರ್ಯಾಕ್ಸ್‌ನಲ್ಲಿ ಮಿಶ್ರ ಛಾಪು: ಬೀಟ್ ಜಾರುತ್ತೆ, 20 ಸೆಕೆಂಡಿಗೆ ತಾನೇ ಸರಿಹೋಗುತ್ತೆ

ಹೊಸ_ಬಡಿತ

ಎಲ್ಲರಿಗೂ ನಮಸ್ಕಾರ. ನೊವೇಶನ್ ಸರ್ಕಿಟ್ ಟ್ರ್ಯಾಕ್ಸ್ ಅನ್ನೋ ಬೀಟ್ ಮಾಡೋ ಮೆಷಿನ್ ತಗೊಂಡಿದ್ದೀನಿ. ದಿನವಿಡೀ ಆಫೀಸಲ್ಲಿ ಲ್ಯಾಪ್‌ಟಾಪ್ ನೋಡಿ ಸಾಕಾಗಿರುತ್ತೆ, ಸ್ಕ್ರೀನ್ ಇಲ್ಲದೆ ಬೀಟ್ ಮಾಡೋಣ ಅನ್ನೋ ಆಸೆ. ಮಾಮೂಲಿ ನಾಲ್ಕರ ಬೀಟ್‌ಗಳೆಲ್ಲ ಚೆನ್ನಾಗೇ ಬರ್ತಿವೆ. ಏಳು ಅಕ್ಷರದ ತಾಳ ಮಿಶ್ರ ಛಾಪುಗೆ ಕೈ ಹಾಕಿದ ಮೇಲೆ ತಲೆಬಿಸಿ ಶುರು.

ನಾನು ಹಾಕಿದ ಲೆಕ್ಕ: 7 ಅಕ್ಷರ, ಅಕ್ಷರಕ್ಕೆ 2 ಸ್ಟೆಪ್ (ಪೆಟ್ಟು ಇಡೋ ಒಂದೊಂದು ಮನೆ), ಒಟ್ಟು 14. ಪ್ಯಾಟರ್ನ್ ಸೆಟ್ಟಿಂಗ್ಸ್‌ಗೆ ಹೋಗಿ ಉದ್ದ 14 ಮಾಡಿದೆ. ಡ್ರಮ್ 1ರಲ್ಲಿ ಕಿಕ್, 2ರಲ್ಲಿ ರಿಮ್, 3ರಲ್ಲಿ ಹ್ಯಾಟ್, 4ರಲ್ಲಿ ಶೇಕರ್. ಟೆಂಪೊ 84. ಪ್ಲೇ ಒತ್ತಿದರೆ ಮೊದಲ ಆವರ್ತ ಸೊಗಸಾಗಿ ಬರುತ್ತೆ. ಎರಡನೇದರಲ್ಲಿ ಏನೋ ಜಾರಿದ ಹಾಗೆ, ಮೂರನೇದರಲ್ಲಿ ಇನ್ನೂ ಜಾಸ್ತಿ. ಆಮೇಲೆ ವಿಚಿತ್ರ ಅಂದ್ರೆ, ಸುಮಾರು 20 ಸೆಕೆಂಡಿಗೆ ಎಲ್ಲ ಒಟ್ಟಿಗೆ ಸಮಕ್ಕೆ (ಆವರ್ತದ ಮೊದಲ ಪೆಟ್ಟಿಗೆ) ಬಂದು ಕೂರುತ್ತೆ. ಮತ್ತೆ ಜಾರೋಕೆ ಶುರು.

ಜೊತೆಗೆ ಸಿಂಕ್ ಕೇಬಲ್‌ನಲ್ಲಿ ಕೋರ್ಗ್ ವೋಲ್ಕಾ ಬೀಟ್ಸ್ ಅನ್ನೋ ಡ್ರಮ್ ಮೆಷಿನ್ ಕೂಡ ಜೋಡಿಸಿದ್ದೀನಿ. ಎರಡನ್ನೂ ಒಂದೇ ವೇಗದಲ್ಲಿ ಓಡಿಸೋ ಕ್ಲಾಕ್ ಏನಾದ್ರೂ ಕೆಟ್ಟಿದೆಯಾ?

ಕೇಬಲ್_ರಾಜ

ಖಂಡಿತ ಕ್ಲಾಕ್ ಡ್ರಿಫ್ಟ್. ಅನಲಾಗ್ ಸಿಂಕ್ ನಂಬಬೇಡಿ, ಮಿಡಿ (ವಾದ್ಯಗಳ ನಡುವೆ ಸಂಕೇತ ಕಳಿಸೋ ಪದ್ಧತಿ) ಕೇಬಲ್ ತಗೊಳ್ಳಿ. ವೋಲ್ಕಾ ಬೀಟ್ಸ್‌ನಲ್ಲಿ ಮಿಡಿ ಇನ್ ಇದೆ, ಸರ್ಕಿಟ್‌ನಲ್ಲಿ 5 ಪಿನ್ನಿನ ಮಿಡಿ ಔಟ್ ಇದೆ. ಎರಡನ್ನೂ ಸೇರಿಸಿ. ಫರ್ಮ್‌ವೇರ್ ಅಪ್‌ಡೇಟ್ ಮಾಡೋದೂ ಮರೀಬೇಡಿ.

ನಾಬ್_ತಿರುಗಿಸು

ರಾಜ ಅವರೇ, ಕೇಬಲ್ ಮಾರೋದಕ್ಕೆ ಸ್ವಲ್ಪ ತಡೀರಿ. ಕ್ಲಾಕ್ ಡ್ರಿಫ್ಟ್ ಆದರೆ ಜಾರಿದ್ದು ಜಾರಿಕೊಂಡೇ ಹೋಗುತ್ತೆ, ಗಡಿಯಾರ ನೋಡಿಕೊಂಡು ವಾಪಸ್ ಬರೋದಿಲ್ಲ. ಇಲ್ಲಿ 20 ಸೆಕೆಂಡಿಗೆ ತಪ್ಪದೆ ಸಮಕ್ಕೆ ಬರ್ತಿದೆ. ಅಂದ್ರೆ ಯಾವುದೋ ಎರಡು ಉದ್ದಗಳು ಒಂದಕ್ಕೊಂದು ಸುತ್ತು ಹಾಕಿ ಮತ್ತೆ ಸೇರುತ್ತಿವೆ.

ಲೆಕ್ಕ ಮಾಡಿ ನೋಡೋಣ. 84 ಬಿಪಿಎಂನಲ್ಲಿ (ನಿಮಿಷಕ್ಕೆ 84 ಬೀಟ್) 20 ಸೆಕೆಂಡಿಗೆ 28 ಬೀಟ್. ಬೀಟಿಗೆ 4 ಸ್ಟೆಪ್, ಅಲ್ಲಿಗೆ 112 ಸ್ಟೆಪ್. 112 ಅಂದ್ರೆ ಹದಿನಾಲ್ಕರ ಎಂಟು ಸುತ್ತು, ಹದಿನಾರರ ಏಳು ಸುತ್ತು. ನಿಮ್ಮ ಸೆಟಪ್‌ನಲ್ಲಿ ಎಲ್ಲೋ ಒಂದು ಕಡೆ 16 ಸ್ಟೆಪ್ ಹಾಗೇ ಉಳಿದುಕೊಂಡಿದೆ. ಮೆಷಿನ್ ಹೇಳಿದ್ದನ್ನೇ ಮಾಡ್ತಿದೆ, ಪಾಪ.

ಸರ್ಕಿಟ್‌ನಲ್ಲಿ ಉದ್ದ ಅನ್ನೋದು ಪ್ರಾಜೆಕ್ಟಿಗೆಲ್ಲ ಒಂದೇ ಅಲ್ಲ, ಟ್ರ್ಯಾಕಿಗೂ ಒಂದಲ್ಲ. ಪ್ರತಿ ಟ್ರ್ಯಾಕಿನ ಪ್ರತಿ ಪ್ಯಾಟರ್ನಿಗೆ ಬೇರೆ ಬೇರೆ. ಪ್ಯಾಟರ್ನ್ ಸೆಟ್ಟಿಂಗ್ಸ್ ವ್ಯೂನಲ್ಲಿ ಕಾಣೋದು ಆ ಹೊತ್ತಿಗೆ ಯಾವ ಟ್ರ್ಯಾಕ್ ಸೆಲೆಕ್ಟ್ ಆಗಿದೆಯೋ ಅದರ ಉದ್ದ ಮಾತ್ರ. ಒಂದು ಟ್ರ್ಯಾಕಿಗೆ ಎಂಟು ಪ್ಯಾಟರ್ನ್, ನಾಲ್ಕು ಡ್ರಮ್ ಟ್ರ್ಯಾಕ್, ಎರಡು ಸಿಂಥ್, ಎರಡು ಮಿಡಿ ಟ್ರ್ಯಾಕ್. ಹೊಸ ಪ್ಯಾಟರ್ನ್ ತೆರೆದರೆ 16ರಲ್ಲೇ ಶುರುವಾಗುತ್ತೆ. ಅದು 1980ರ ಟಿಆರ್-808 ಡ್ರಮ್ ಮೆಷಿನ್ ಕಾಲದಿಂದ ಬಂದ ಹದಿನಾರು ಗುಂಡಿಯ ಸಾಲಿನ ಪರಂಪರೆ, ಏನು ಮಾಡೋದು.

ಮೊದಲು ವೋಲ್ಕಾ ಕೇಬಲ್ ಕಿತ್ತು ಪ್ಲೇ ಮಾಡಿ. ಇನ್ನೂ ಜಾರಿದರೆ ಮಿಕ್ಸರ್ ವ್ಯೂಗೆ ಹೋಗಿ ಒಂದೊಂದೇ ಟ್ರ್ಯಾಕ್ ಮ್ಯೂಟ್ ಮಾಡ್ತಾ ಕೇಳಿ. ಯಾವುದನ್ನು ಮ್ಯೂಟ್ ಮಾಡಿದಾಗ ಬೀಟ್ ನೆಟ್ಟಗಾಗುತ್ತೋ ಅದರ ಉದ್ದ ನೋಡಿ. ನನ್ನ ಅನುಮಾನ ಶೇಕರ್ ಮೇಲೆ. ಕಿಕ್ ಜಾರಿದ್ದರೆ ನೀವು ‘ಏನೋ ಒಂದು’ ಅಂತಿರಲಿಲ್ಲ, ತಕ್ಷಣ ಗೊತ್ತಾಗ್ತಿತ್ತು.

ಹೊಸ_ಬಡಿತ

ಶೇಕರ್ರೇ! ಡ್ರಮ್ 4 ಸೆಲೆಕ್ಟ್ ಮಾಡಿ ನೋಡಿದರೆ 16. 14ನೇ ಪ್ಯಾಡ್ ಒತ್ತಿದೆ, ಈಗ ಸರ್ಕಿಟ್ ಒಂದೇ ಇದ್ದಾಗ ಗಟ್ಟಿಯಾಗಿ ನಿಂತಿದೆ. ಆದರೆ ವೋಲ್ಕಾ ಜೋಡಿಸಿದ ಕೂಡಲೇ ಅದೇ 20 ಸೆಕೆಂಡಿನ ಕಥೆ.

ನಾಬ್_ತಿರುಗಿಸು

ಅಲ್ಲೂ ಅದೇ ಕಾರಣ. ಸಿಂಕ್ ಕೇಬಲ್‌ನಲ್ಲಿ ಹೋಗೋದು ಬರೀ ತಟ್ಟು. ‘ಆವರ್ತ ಇಲ್ಲಿಗೆ ಮುಗೀತು’ ಅನ್ನೋ ಸುದ್ದಿ ಅದರಲ್ಲಿ ಇರೋದಿಲ್ಲ. ಮಿಡಿ ಕ್ಲಾಕೂ ಅಷ್ಟೇ, ಬೀಟಿಗೆ 24 ತಟ್ಟು ಕಳಿಸುತ್ತೆ, ನಿಮ್ಮ ತಾಳ ಯಾವುದು ಅಂತ ಅದಕ್ಕೇನು ಗೊತ್ತು? ರಾಜ ಅವರ ಮಾತು ಕೇಳಿ ಮಿಡಿ ಕೇಬಲ್ ತಂದಿದ್ದರೂ ಇದು ಹೋಗ್ತಿರಲಿಲ್ಲ.

ವೋಲ್ಕಾ ಬೀಟ್ಸ್‌ನಲ್ಲಿ ಆಕ್ಟಿವ್ ಸ್ಟೆಪ್ ಅಂತ ಇದೆ. ಅದರಲ್ಲಿ 15, 16ನೇ ಸ್ಟೆಪ್ ಆಫ್ ಮಾಡಿ. ಆಮೇಲೆ ಎರಡನ್ನೂ ನಿಲ್ಲಿಸಿ ಸರ್ಕಿಟ್‌ನಿಂದ ಪ್ಲೇ ಒತ್ತಿ. ಬರೀ ಪ್ಲೇ ಒತ್ತಿದರೆ ಮೊದಲನೇ ಸ್ಟೆಪ್‌ನಿಂದ ಹೊರಡುತ್ತೆ, ಶಿಫ್ಟ್ ಹಿಡಿದು ಒತ್ತಿದರೆ ನಿಂತ ಜಾಗದಿಂದ. ಎರಡು ಪೆಟ್ಟಿಗೆ ಇರುವಾಗ ಶಿಫ್ಟ್ ತಂಟೆಗೆ ಹೋಗಬೇಡಿ.

ಸರ್ಕಿಟ್‌ನ ಸಿಂಕ್ ಔಟ್ ಬೀಟಿಗೆ 2 ಪಲ್ಸ್ ಅಂತಲೇ ಇರಲಿ, ಡಿಫಾಲ್ಟ್ ಅದೇ. ಸೆಟಪ್ ವ್ಯೂನಲ್ಲಿ 1, 2, 4, 8, 24 ಅಂತ ಆಯ್ಕೆ ಇದೆ. ಆಟ ಆಡ್ತಾ ಅದನ್ನು 4 ಮಾಡಿಬಿಟ್ಟರೆ ವೋಲ್ಕಾ ದುಪ್ಪಟ್ಟು ವೇಗದಲ್ಲಿ ಓಡುತ್ತೆ, ಮತ್ತೆ ಇಲ್ಲಿಗೇ ಬರ್ತೀರಿ.

ಹೊಸ_ಬಡಿತ

ಆಯ್ತು, ಎರಡೂ ಒಟ್ಟಿಗೆ ನಡೀತಿವೆ. ತುಂಬಾ ಥ್ಯಾಂಕ್ಸ್ ಸರ್.

ಈಗ ಇನ್ನೊಂದು ಚಿಂತೆ. ತಾಳ ಸರಿ ಇದೆ, ಆದರೆ ಮಿಶ್ರ ಛಾಪು ಅಂತ ಅನ್ನಿಸೋದೇ ಇಲ್ಲ, ಏಳು ಮೊಳೆ ಹೊಡೆದ ಹಾಗಿದೆ. ಕಿಕ್ ಸ್ಟೆಪ್ 1ರಲ್ಲಿ, ರಿಮ್ 7 ಮತ್ತು 11ರಲ್ಲಿ, ಹ್ಯಾಟ್ ಒಂದು ಬಿಟ್ಟು ಒಂದು.

ನಾಬ್_ತಿರುಗಿಸು

ಜಾಗಗಳು ಸರಿಯಾಗಿವೆ. ತಕಿಟ ಮುಗಿದು ನಾಲ್ಕನೇ ಅಕ್ಷರ ಸ್ಟೆಪ್ 7ಕ್ಕೆ, ಆರನೇದು 11ಕ್ಕೆ. 3+2+2 ಎಲುಬುಗೂಡು ಇದೆ, ಮಾಂಸ ಇಲ್ಲ ಅಷ್ಟೆ.

ಮೊದಲು ಫಿಕ್ಸ್ಡ್ ವೆಲಾಸಿಟಿ (ಪೆಟ್ಟಿನ ಜೋರನ್ನು ಒಂದೇ ಮಟ್ಟದಲ್ಲಿ ಇಡೋದು) ಆನ್ ಆಗಿದೆಯಾ ನೋಡಿ. ಆನ್ ಇದ್ದರೆ ಹೇಗೆ ತಟ್ಟಿದರೂ ಎಲ್ಲ ಪೆಟ್ಟೂ 96ರಲ್ಲೇ ದಾಖಲಾಗುತ್ತೆ. ಆಫ್ ಮಾಡಿ. ಆಮೇಲೆ ವೆಲಾಸಿಟಿ ವ್ಯೂನಲ್ಲಿ ಹ್ಯಾಟ್ ಸರಿಮಾಡಿ: ಸ್ಟೆಪ್ 1, 7, 11 ಗಟ್ಟಿ, ಮಿಕ್ಕಿದ್ದು ಅರ್ಧಕ್ಕಿಂತ ಕಡಿಮೆ. ಸ್ಟೆಪ್ 6 ಮತ್ತು 14ರಲ್ಲಿ ಕೇಳಿಯೂ ಕೇಳದ ಹಾಗೆ ಒಂದೊಂದು ಕಿಕ್ ಇಡಿ, ಮುಂದಿನ ಭಾಗಕ್ಕೆ ಅದು ತಳ್ಳುತ್ತೆ. ಅರ್ಧ ಕಾಯಿಲೆ ಇಲ್ಲೇ ಹೋಗುತ್ತೆ.

ಇನ್ನರ್ಧಕ್ಕೆ ಮೈಕ್ರೋ ಸ್ಟೆಪ್. ಪ್ರತಿ ಸ್ಟೆಪ್ ಒಳಗೆ ಆರು ಸಣ್ಣ ಭಾಗ ಇವೆ, ಪೆಟ್ಟನ್ನು ಯಾವುದರಲ್ಲಿ ಬೇಕಾದರೂ ಇಡಬಹುದು. ಆದರೆ ಕೈ ಬಿಗಿ ಇರಲಿ. 84 ಬಿಪಿಎಂನಲ್ಲಿ ಒಂದು ಸ್ಟೆಪ್ ಸುಮಾರು 179 ಮಿಲಿಸೆಕೆಂಡ್, ಅದರ ಆರನೇ ಒಂದು ಭಾಗ ಸುಮಾರು 30. ಮೂವತ್ತು ಮಿಲಿಸೆಕೆಂಡ್ ತಡ ಅಂದ್ರೆ ಕಿವಿಗೆ ಎದ್ದು ಕೇಳುತ್ತೆ. 11ನೇ ಸ್ಟೆಪ್‌ನ ರಿಮ್ ಒಂದನ್ನೇ ಎರಡನೇ ಭಾಗಕ್ಕೆ ಸರಿಸಿ, ಬೇರೆ ಯಾವುದನ್ನೂ ಮುಟ್ಟಬೇಡಿ. ಅಷ್ಟೂ ಜಾಸ್ತಿ ಅನ್ನಿಸಿದರೆ ಕಂಪ್ಯೂಟರ್‌ನಲ್ಲಿ ರಿಮ್ ಸ್ಯಾಂಪಲ್‌ನ ಮುಂದೆ 10 ಮಿಲಿಸೆಕೆಂಡ್ ಮೌನ ಸೇರಿಸಿ, ನೊವೇಶನ್‌ನ ಕಾಂಪೊನೆಂಟ್ಸ್ ಆ್ಯಪ್ ಮೂಲಕ ಹಾಕಿಕೊಳ್ಳಿ. ಅದು ಯಾವಾಗಲೂ ಹದವಾಗಿ ತಡ ಬೀಳುತ್ತೆ.

ಪೆಟ್ಟು ಮುಂಚೆ ಬೀಳಬೇಕು ಅಂದ್ರೆ ಹಿಂದಿನ ಸ್ಟೆಪ್‌ನ ಆರನೇ ಭಾಗದಲ್ಲಿ ಇಡಬೇಕು. ಸಮದ ಪೆಟ್ಟನ್ನು ಹಾಗೆ ಮುಂಚೆ ತಂದರೆ ಅದು 14ನೇ ಸ್ಟೆಪ್‌ಗೆ ಹೋಗಿ ಕೂರುತ್ತೆ, ಮೊದಲ ಆವರ್ತದಲ್ಲಿ ಸಮವೇ ಇರೋದಿಲ್ಲ. ಸ್ಟೇಜ್ ಮೇಲೆ ಇದು ಚೆನ್ನಾಗಿರಲ್ಲ.

ಸ್ವಿಂಗ್ (ಒಂದು ಬಿಟ್ಟು ಒಂದು ಸ್ಟೆಪ್ ಸರಿಸೋದು) 50ರಲ್ಲೇ ಇರಲಿ. ಅದು ಪ್ರಾಜೆಕ್ಟಿಗೆಲ್ಲ ತಾಗುತ್ತೆ, ಒಂದು ರಿಮ್ಮಿಗೋಸ್ಕರ ಊರೆಲ್ಲ ಕುಂಟಬೇಕಾಗಿಲ್ಲ.

ಪೇಡಾ_ಬೀಟ್ಸ್

ನಡುವ ಬಾಯಿ ಹಾಕ್ತೀನಿ, ತಪ್ಪು ತಿಳ್ಕೋಬ್ಯಾಡ್ರಿ. ನಮ್ಮ ಧಾರವಾಡ ಕಡೆಯವ್ರು ಈ ಏಳನ್ನ ಕೇಳಿದ ಕೂಡ್ಲೆ ಹಿಂದೂಸ್ತಾನಿ ರೂಪಕ ಅಂತ ತಬಲಾ ಠೇಕಾ ಹಾಕ್ಲಿಕ್ಕೆ ಹೋಗ್ತಾರ. ಅಲ್ಲೂ 3+2+2 ಐತಿ, ಆದ್ರ ಕಿಕ್ ಜಾಗ ಪೂರಾ ಉಲ್ಟಾ. ಠೇಕಾ ನೋಡ್ರಿ: ತಿಂ ತಿಂ ನಾ, ಧಿಂ ನಾ, ಧಿಂ ನಾ. ಸಮದಾಗನ ಖಾಲಿ. ಅಂದ್ರ ಮೊದಲ ಮೂರು ಮಾತ್ರಾದಾಗ ಎಡಗೈ ಗುಂ ಅನ್ನಂಗಿಲ್ಲ. ಕಿಕ್ ಬರಬೇಕಾದ್ದು 7 ಮತ್ತ 11ರಾಗ, 1ರಾಗ ಬರೀ ಸಣ್ಣ ರಿಮ್. ಅದ 14 ಸ್ಟೆಪ್, ಅದ ಟೆಂಪೊ, ಕಿಕ್ ಅಷ್ಟ ಜಾಗ ಬಿಟ್ರ ಇಡೀ ಬೀಟ್ ಗಾಳ್ಯಾಗ ತೇಲಿದಂಗ ಆಗ್ತದ. ಪ್ಯಾಟರ್ನ್ 2ರಾಗ ಇದನ್ನ ಮಾಡಿ ಇಟ್ಕೊಳ್ರಿ, ಹಾಡಿನ ನಡುವ ಬದಲಿ ಮಾಡಿದ್ರ ಭಾಳ ಛಲೋ ಕೇಳ್ತದ.

ನಾಬ್_ತಿರುಗಿಸು

ಇದು ನನಗೆ ಹೊಳೆದೇ ಇರಲಿಲ್ಲ, ಈಗಲೇ ಮಾಡಿ ನೋಡ್ತೀನಿ. ಪ್ಯಾಟರ್ನ್ 2 ಮಾಡುವಾಗ ಹೊಸ_ಬಡಿತ ಅವರೇ, ಉದ್ದ 14 ಇದೆಯಾ ಅಂತ ನಾಲ್ಕೂ ಡ್ರಮ್ಮಿನಲ್ಲಿ ನೋಡಿ. ಒಂದರಲ್ಲಿ 16 ಉಳಿದು, 1 ಮತ್ತು 2ನ್ನು ಚೈನ್ ಮಾಡಿದರೆ (ಒಂದರ ಹಿಂದೆ ಒಂದು ಓಡಿಸಿದರೆ) ಆ ಟ್ರ್ಯಾಕ್ 30ರಲ್ಲಿ ಸುತ್ತುತ್ತೆ, ಮಿಕ್ಕಿದ್ದು 28ರಲ್ಲಿ. ಆಗ ಮತ್ತೆ ಒಟ್ಟಾಗೋದು 420 ಸ್ಟೆಪ್‌ಗೆ, ನಿಮ್ಮ ಟೆಂಪೊನಲ್ಲಿ 75 ಸೆಕೆಂಡ್. ಅಷ್ಟು ಹೊತ್ತಿಗೊಮ್ಮೆ ಬರೋ ಸಮ ಯಾರ ಗಮನಕ್ಕೂ ಬರೋದಿಲ್ಲ, ಸುಮ್ಮನೆ ಮೆಷಿನ್ ಕೆಟ್ಟಿದೆ ಅಂದ್ಕೋತೀರಿ.

ಹೊಸ_ಬಡಿತ

ಪೇಡಾ ಅವರ ಐಡಿಯಾ ಸೂಪರ್. ಮೃದಂಗ ನುಡಿಸೋ ಗೆಳೆಯನ ಕೈಲಿ ತೊಂ, ನಂ, ಧೀಂ, ಚಾಪು ರೆಕಾರ್ಡ್ ಮಾಡಿಸಿದ್ದೀನಿ. ನಾಲ್ಕೂ ಡ್ರಮ್ ಟ್ರ್ಯಾಕ್ ಅದಕ್ಕೇ ಖರ್ಚಾದರೆ ಕಿಕ್, ಶೇಕರ್ ಎಲ್ಲಿಡೋದು?

ನಾಬ್_ತಿರುಗಿಸು

ಸ್ಯಾಂಪಲ್ ಫ್ಲಿಪ್ ಬಳಸಿ. ಒಂದೇ ಟ್ರ್ಯಾಕಿನಲ್ಲಿ ಸ್ಟೆಪ್ ಸ್ಟೆಪ್ಪಿಗೂ ಬೇರೆ ಸ್ಯಾಂಪಲ್ ಇಡಬಹುದು. ಬಲಗೈ ಪೆಟ್ಟುಗಳಾದ ನಂ, ಧೀಂ, ಚಾಪು ಮೂರನ್ನೂ ಡ್ರಮ್ 1ರಲ್ಲೇ ಹಾಕಿ. ಒಂದು ಟ್ರ್ಯಾಕಿನಲ್ಲಿ ಒಂದು ಸಲಕ್ಕೆ ಒಂದೇ ಸ್ಯಾಂಪಲ್ ನುಡಿಯೋದು, ಹೊಸ ಪೆಟ್ಟು ಬಿದ್ದರೆ ಹಳೇದು ತುಂಡಾಗುತ್ತೆ. ಕೊರತೆ ಅನ್ನಿಸಬಹುದು, ಇಲ್ಲಿ ಅದೇ ಅನುಕೂಲ: ಚಾಪು ಮೊಳಗ್ತಿರುವಾಗ ಬಲಗೈ ಇನ್ನೊಂದು ಪೆಟ್ಟು ಹೊಡೆದರೆ ನಿಜವಾದ ಮೃದಂಗದಲ್ಲೂ ಮೊಳಗು ನಿಲ್ಲುತ್ತಲ್ಲ. ತೊಂ ಎಡಗೈದು, ಅದು ಪೂರ್ತಿ ಗುಂಗುಡಬೇಕು. ಅದಕ್ಕೆ ಡ್ರಮ್ 2 ಪ್ರತ್ಯೇಕವಾಗಿರಲಿ. 3, 4 ನಿಮ್ಮ ಕಿಕ್, ಶೇಕರ್‌ಗೆ ಉಳೀತು.

ಸೇವ್ ಮಾಡಿಕೊಳ್ಳಿ. ಸೇವ್ ಗುಂಡಿ ಒಂದು ಸಲ ಒತ್ತಿದರೆ ಬರೀ ಮಿನುಗುತ್ತೆ, ಎರಡನೇ ಸಲ ಒತ್ತಿದರೇನೇ ಉಳಿಯೋದು.

ಕಂಜಿರ_ಕಿಟ್ಟಿ

ಇದೇ ಥ್ರೆಡ್‌ನಲ್ಲಿ ಕೇಳ್ತೀನಿ. ಆದಿತಾಳ 8 ಅಕ್ಷರ, ಚತುರಶ್ರ ನಡೆಯಲ್ಲಿ (ಅಕ್ಷರಕ್ಕೆ 4) 32 ಸ್ಟೆಪ್, ಪ್ಯಾಟರ್ನಿನ ಗರಿಷ್ಠ ಉದ್ದಕ್ಕೆ ಸರಿಯಾಗಿ ಕೂತಿದೆ. ತಿಶ್ರ (3) ನಡೆಗೂ ಖಂಡ (5) ನಡೆಗೂ ಏನು ಮಾಡ್ತೀರಿ?

ನಾಬ್_ತಿರುಗಿಸು

ತಿಶ್ರ ಸುಲಭ. ಪ್ಯಾಟರ್ನ್ ಸೆಟ್ಟಿಂಗ್ಸ್‌ನಲ್ಲೇ ಸಿಂಕ್ ರೇಟ್ (ಬೀಟಿಗೆ ಎಷ್ಟು ಸ್ಟೆಪ್ ಅನ್ನೋದು) ಇದೆ. ಆ ಟ್ರ್ಯಾಕನ್ನು 1/8 ಟ್ರಿಪ್ಲೆಟ್ ಮಾಡಿ, ಉದ್ದ 24 ಇಡಿ. ಅಕ್ಷರಕ್ಕೆ ಮೂರರಂತೆ ಎಂಟು ಅಕ್ಷರ. ಪಕ್ಕದ ಟ್ರ್ಯಾಕ್ 1/16ರಲ್ಲಿ 32 ಸ್ಟೆಪ್ ಓಡ್ತಿದ್ದರೂ ಎರಡೂ ಒಟ್ಟಿಗೇ ಸಮಕ್ಕೆ ಬರ್ತವೆ. ಶೇಕರ್ ಚತುರಶ್ರದಲ್ಲಿ, ಕಂಜಿರ ತಿಶ್ರದಲ್ಲಿ ಬಿಟ್ಟು ಕೇಳಿ, ಮಜಾ ಬರುತ್ತೆ.

ಖಂಡಕ್ಕೆ ಐದರ ಸಿಂಕ್ ರೇಟ್ ಇಲ್ಲ. ಆದ್ದರಿಂದ ಎಲ್ಲ ಟ್ರ್ಯಾಕನ್ನೂ 1/16ರಲ್ಲೇ ಇಟ್ಟು, ಐದು ಸ್ಟೆಪ್ಪಿಗೆ ಒಂದು ಅಕ್ಷರ ಅಂತ ಲೆಕ್ಕ ಹಿಡಿಯಬೇಕು. ಎಂಟು ಅಕ್ಷರಕ್ಕೆ 40 ಸ್ಟೆಪ್, ಒಂದು ಪ್ಯಾಟರ್ನಿಗೆ ಹಿಡಿಯೋದಿಲ್ಲ. ಇಪ್ಪತ್ತರ ಎರಡು ಪ್ಯಾಟರ್ನ್ ಮಾಡಿ ಚೈನ್ ಮಾಡಿ: ಮೊದಲನೇದು ಲಘು (4 ಅಕ್ಷರ), ಎರಡನೇದು ಎರಡೂ ದ್ರುತ (2+2). ಟೆಂಪೊ ನೀವು ಹಾಕೋ ಅಕ್ಷರದ ವೇಗದ ಒಂದೂಕಾಲು ಪಟ್ಟು. ನಿಮಿಷಕ್ಕೆ 80 ಅಕ್ಷರ ಬೇಕಾದರೆ ಮೆಷಿನ್‌ನಲ್ಲಿ 100.

ಹೀಗೆ ಮಾಡಿದಾಗ ಡಿಲೇ ಕೈಕೊಡುತ್ತೆ. ಅದು ಮೆಷಿನ್ನಿನ ಟೆಂಪೊ ನೋಡಿಕೊಂಡು ನಾಲ್ಕರ ಲೆಕ್ಕದಲ್ಲಿ ಪ್ರತಿಧ್ವನಿ ಕೊಡುತ್ತೆ, ನಿಮ್ಮ ಐದರ ಮೇಲೆ ಅಡ್ಡಾದಿಡ್ಡಿ ಬೀಳುತ್ತೆ. 1/16ರ ಪ್ರೀಸೆಟ್ ಆದರೆ ಪ್ರತಿ ಸ್ಟೆಪ್ಪಿಗೂ ಕೂರುತ್ತೆ, ಬೇಡವಾದರೆ ಬರೀ ರಿವರ್ಬ್ ಸಾಕು.

ಕೇಬಲ್_ರಾಜ

ಹೊಸ_ಬಡಿತ, ಮಿಡಿ ಕೇಬಲ್ ಆರ್ಡರ್ ಮಾಡಿಬಿಟ್ರಾ?

ಹೊಸ_ಬಡಿತ

ಇಲ್ಲ ಸರ್, ಆ ದುಡ್ಡಲ್ಲಿ ಮೃದಂಗದ ಗೆಳೆಯನಿಗೆ ಊಟ ಹಾಕಿಸಿದೆ. ರಿಮ್ ಸ್ಯಾಂಪಲ್‌ಗೆ 10 ಮಿಲಿಸೆಕೆಂಡ್ ಮೌನ ಸೇರಿಸಿದ್ದು ಕೆಲಸ ಮಾಡಿತು, ಮೈಕ್ರೋ ಸ್ಟೆಪ್ ಬಿಟ್ಟುಬಿಟ್ಟೆ. ಕಿಕ್ 7, 11ರಲ್ಲಿ ಇಟ್ಟ ಪ್ಯಾಟರ್ನ್ 2 ನನಗೆ ಮೊದಲನೇದಕ್ಕಿಂತ ಇಷ್ಟವಾಗಿದೆ. ಗೆಳೆಯ ಮಾತ್ರ ಒಪ್ಪುತ್ತಿಲ್ಲ, ಸಮದಲ್ಲಿ ತೊಂ ಇಲ್ಲದಿದ್ದರೆ ಅದು ಮಿಶ್ರ ಛಾಪೇ ಅಲ್ಲ ಅಂತಾನೆ.

ಪೇಡಾ_ಬೀಟ್ಸ್

ಅವ್ರು ಹೇಳೋದು ಖರೇನ ಐತಿ. ಅದು ರೂಪಕ್ರೀ.