ಅರಗುವುದು, ಮೈಗೆ ಹತ್ತುವುದು: ನಡುವಿನ ಹಂತಕ್ಕೆ ಪದ ಬೇಕು

ಗೆಳೆಯರೆ, ನಮಸ್ಕಾರ.

ಮಂಡ್ಯದ ಸುತ್ತಲಿನ ಹಳ್ಳಿಗಳಲ್ಲಿ ಹಂಚಲು ಜೀರ್ಣಾಂಗಗಳ ಬಗ್ಗೆ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ಅಂಗಗಳ ಹೆಸರಿನಲ್ಲಿ ಅಷ್ಟೇನೂ ತೊಡಕಿಲ್ಲ. ಅನ್ನನಾಳ, ಸಣ್ಣ ಕರುಳು, ದೊಡ್ಡ ಕರುಳು ಎಂದರೆ ಸಾಕು. ಯಕೃತ್ತು ಎಂದರೆ ಮುಖ ಮುಖ ನೋಡುವವರಿಗೆ ಈಲಿ ಎಂದ ಕೂಡಲೇ ತಿಳಿಯುತ್ತದೆ. ತೊಡಕಿರುವುದು ಕ್ರಿಯೆಗಳ ಹೆಸರಿನಲ್ಲಿ.

ಪಠ್ಯಗಳಲ್ಲಿ ಜೀರ್ಣಕ್ರಿಯೆ, ಹೀರಿಕೆ, ಸ್ವಾಂಗೀಕರಣ (ಹೀರಿದ್ದನ್ನು ದೇಹ ತನ್ನದಾಗಿಸಿಕೊಳ್ಳುವುದು) ಎಂದು ಬರೆದಿರುತ್ತಾರೆ. ಇವುಗಳಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ನಮ್ಮ ಕಡೆಯ ಆಡುಮಾತಿನಲ್ಲಿ ಪದ ಇದ್ದೇ ಇದೆ: ‘ಅರಗು’ ಮತ್ತು ‘ಮೈಗೆ ಹತ್ತು’. “ಮುದ್ದೆ ಬೇಗ್ನೆ ಅರಗಕಿಲ್ಲ, ಅದ್ಕೇ ಹೊಟ್ಟೆ ತಡೀತದೆ” ಎನ್ನುವವರೇ “ಎಷ್ಟ್ ತಿಂದ್ರೂವೆ ಮೈಗೆ ಹತ್ತಕಿಲ್ಲ” ಎಂದೂ ಅನ್ನುತ್ತಾರೆ. ಎರಡನೆಯ ಮಾತಿನಲ್ಲಿ ತಿಂದದ್ದು ಅರಗಲಿಲ್ಲ ಎಂಬ ದೂರಿಲ್ಲ.

ವಿಜ್ಞಾನ ಹೇಳುವುದೂ ಹೀಗೆಯೇ. ಪಿಷ್ಟ ಸಕ್ಕರೆಯಾಗಿ, ಪ್ರೋಟೀನು ಅಮೈನೋ ಆಮ್ಲಗಳಾಗಿ ಒಡೆಯುವುದು ಅರಗುವಿಕೆ. ಲ್ಯಾಕ್ಟೇಸ್ ಕಿಣ್ವ ಸಾಲದವರಿಗೆ ಹಾಲು ಅರಗುವುದಿಲ್ಲ. ಹಾಲಿನ ಸಕ್ಕರೆ ಒಡೆಯದೆ ದೊಡ್ಡ ಕರುಳಿಗಿಳಿದು, ಅಲ್ಲಿನ ಬ್ಯಾಕ್ಟೀರಿಯಾದಿಂದ ಹುಳಿತು ಹೊಟ್ಟೆ ಉಬ್ಬರಿಸುತ್ತದೆ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯ ಕತೆ ಬೇರೆ. ಅಲ್ಲಿ ಉಂಡದ್ದು ಅರಗುತ್ತದೆ, ಸಕ್ಕರೆ ರಕ್ತಕ್ಕೂ ಬರುತ್ತದೆ, ಆದರೆ ಇನ್ಸುಲಿನ್ ಕೊರತೆಯಿಂದ ಜೀವಕೋಶಗಳಿಗೆ ಅದು ದಕ್ಕುವುದಿಲ್ಲ. ಚೆನ್ನಾಗಿ ಉಂಡೂ ಮೈ ಇಳಿಯುತ್ತದೆ. ‘ಮೈಗೆ ಹತ್ತದು’ ಎಂಬ ಮಾತು ಇಲ್ಲಿಗೆ ಒಪ್ಪುವಷ್ಟು ‘ಸ್ವಾಂಗೀಕರಣ ಆಗದು’ ಎಂಬುದು ಒಪ್ಪೀತೆ? ನನಗಂತೂ ಹಾಗೆ ಅನ್ನಿಸುವುದಿಲ್ಲ.

ಇನ್ನು ‘ಜೀರ್ಣಕ್ರಿಯೆ ಬಾಯಲ್ಲೇ ಶುರುವಾಗುತ್ತದೆ’ ಎಂಬ ಸಾಲು. ನಮ್ಮಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಹಾಗಾದರೆ ಅದು ಅರಗುವುದೆಲ್ಲಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರ ಸುಲಭ: ಎಂಜಲಿನಲ್ಲಿ ಪಿಷ್ಟ ಒಡೆಯುವ ಅಮೈಲೇಸ್ ಕಿಣ್ವ ಇದ್ದರೂ ಜಠರದ ಆಮ್ಲ ಅದರ ಕೆಲಸ ನಿಲ್ಲಿಸುತ್ತದೆ. ಪಿಷ್ಟದ ಬಹುಪಾಲು ಒಡೆಯುವುದು ಸಣ್ಣ ಕರುಳಿನಲ್ಲಿ, ಮೇದೋಜೀರಕ ಗ್ರಂಥಿಯಿಂದ ಬರುವ ಅಮೈಲೇಸ್‌ನಿಂದ. ಹಿಟ್ಟು ಮೊದಲೇ ಬೀಸಿ ಬೇಯಿಸಿದ್ದು ಬೇರೆ. (ಮೇದಸ್ಸು ಎಂದರೆ ಕೊಬ್ಬು. ಕೊಬ್ಬಿನ ಜೊತೆಗೆ ಪಿಷ್ಟ, ಪ್ರೋಟೀನು ಎರಡನ್ನೂ ಒಡೆಯುವ ಗ್ರಂಥಿಗೆ ಕೊಬ್ಬಿನ ಹೆಸರಷ್ಟೇ ಉಳಿದಿದೆ. ಕೆಲವರು ‘ಮೇಧೋ’ ಎಂದು ಬರೆದು ಬುದ್ಧಿಯನ್ನೂ ಅರಗಿಸಿಬಿಡುತ್ತಾರೆ.)

ಈಗ ನನ್ನ ಪ್ರಶ್ನೆ. ಅರಗಿದ್ದು ಕರುಳಿನ ಗೋಡೆ ದಾಟಿ ಒಳಗೆ ಸೇರುವುದಕ್ಕೆ ಏನೆನ್ನೋಣ? ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳಿನ ಮುಖ್ಯ ಕೆಲಸವೇ ಇದು. ‘ರಕ್ತಗತ’ ಹುಟ್ಟುಗುಣಕ್ಕೆ ಮೀಸಲಾಗಿದೆ. ‘ರಕ್ತಕ್ಕೆ ಸೇರು’ ಎಂದರೆ ಅರ್ಧ ನಿಜ, ಏಕೆಂದರೆ ಕೊಬ್ಬಿನ ಹೆಚ್ಚಿನ ಪಾಲು ಮೊದಲು ದುಗ್ಧನಾಳಗಳಿಗೆ (ರಕ್ತನಾಳಗಳಿಂದ ಬೇರೆಯಾದ ಲಿಂಫ್ ನಾಳಗಳಿಗೆ) ಹೋಗಿ ಆಮೇಲೆ ರಕ್ತ ಸೇರುತ್ತದೆ. ನೀರು ಗದ್ದೆಯಲ್ಲಿ ಇಂಗುವುದು ಇಲ್ಲಿ ಎಲ್ಲರಿಗೂ ಗೊತ್ತಿರುವುದರಿಂದ ‘ಇಂಗು’ ಎಂದು ಬರೆದು ನೋಡಿದೆ. ಆದರೆ ಹೊಟ್ಟೆಯ ವಿಚಾರದಲ್ಲಿ ಇಂಗು ಎಂದೊಡನೆ ಮಜ್ಜಿಗೆಗೆ ಹಾಕುವ ಇಂಗೇ ನೆನಪಾಗುತ್ತದೆ! ಅದೂ ಅಲ್ಲದೆ ಇಂಗುವುದು ತಾನಾಗಿ ಆಗುವ ಕೆಲಸ; ಗ್ಲೂಕೋಸನ್ನು ಕರುಳಿನ ಜೀವಕೋಶಗಳು ಶಕ್ತಿ ವ್ಯಯಿಸಿ ಒಳಗೆಳೆದುಕೊಳ್ಳುತ್ತವೆ. ಆ ಲೆಕ್ಕದಲ್ಲಿ ‘ಹೀರು’ ಎಂಬುದೇ ವಾಸಿ, ಆದರೆ ‘ಕರುಳು ಹೀರುತ್ತದೆ’ ಎಂದರೆ ಕಿವಿಗೆ ಯಾಕೋ ಒರಟು.

ಸದ್ಯಕ್ಕೆ ‘ಅರಗು, ಹೀರು, ಮೈಗೆ ಹತ್ತು’ ಎಂದು ಇಟ್ಟುಕೊಂಡಿದ್ದೇನೆ. ಧಾರವಾಡ, ಮಲೆನಾಡು, ಕರಾವಳಿಯ ಕಡೆ ‘ಮೈಗೆ ಹತ್ತು’ ಬಳಕೆಯಲ್ಲಿದೆಯೇ, ಇಲ್ಲದಿದ್ದರೆ ಅದರ ಜಾಗದಲ್ಲಿ ಏನನ್ನುತ್ತೀರಿ? ನಡುವಿನ ಹಂತಕ್ಕೆ ನಿಮ್ಮ ಮನೆಮಾತಿನಲ್ಲಿ ಪದವಿದ್ದರೆ, ಅದು ಬರುವ ಒಂದು ವಾಕ್ಯದ ಸಮೇತ ಬರೆಯಿರಿ.